ಶುಗರ್ ಬೇಕರ್: ಬೇಕರಿಗೆ ಸಂಬಂಧವೇ ಇಲ್ಲದ ಕಸುಬು

ಲಂಡನ್ನಿನ ಹಳೇ ಕುಟುಂಬಗಳ ಬಗೆಗಿನ ಬರಹಗಳಲ್ಲಿ ‘ಶುಗರ್ ಬೇಕರ್’ ಎಂಬ ಕಸುಬು ಬಂದಾಗಲೆಲ್ಲ ಕನ್ನಡದಲ್ಲಿ ‘ಸಿಹಿತಿಂಡಿ ಮಾಡುವವನು’ ಎಂದೋ ‘ಬೇಕರಿಯವನು’ ಎಂದೋ ಬರೆದುಬಿಡುತ್ತಾರೆ. ಇಂಗ್ಲಿಷರಿಗೂ ಈ ಗೊಂದಲ ತಪ್ಪಿದ್ದಲ್ಲ. ಮುತ್ತಾತ ಮಿಠಾಯಿ ಅಂಗಡಿ ಇಟ್ಟಿದ್ದ ಅಂದುಕೊಂಡು ಹುಡುಕಲು ಹೊರಟವರು ಸಿಕ್ಕಸಿಕ್ಕ ಕಡೆ ಅಲೆಯುತ್ತಾರೆ. ಶುಗರ್ ಬೇಕರ್ ಎಂದರೆ ಕಚ್ಚಾ ಸಕ್ಕರೆಯನ್ನು ಶುದ್ಧ ಮಾಡುವವನು. ಅಷ್ಟೇ. ಹಿಟ್ಟು, ಬ್ರೆಡ್ಡು, ಕೇಕು ಯಾವುದೂ ಅವನ ಕೈಗೆ ಬರುತ್ತಿರಲಿಲ್ಲ.

ಅವನ ಕೈಗೆ ಬರುತ್ತಿದ್ದದ್ದು ವೆಸ್ಟ್ ಇಂಡೀಸ್‌ನ ಕಂದು ಸಕ್ಕರೆ. 1830ರ ದಶಕದವರೆಗೂ ಬ್ರಿಟಿಷ್ ತೋಟಗಳಲ್ಲಿ ಅದನ್ನು ಬೆಳೆದು ಕಾಯಿಸಿದವರು ಗುಲಾಮರು. ಲಂಡನ್ನಿನಲ್ಲಿ ಅದನ್ನು ಸುಣ್ಣದ ನೀರಲ್ಲಿ ಕರಗಿಸಿ, ಎತ್ತಿನ ರಕ್ತ ಬೆರೆಸಿ ಕಾಯಿಸುತ್ತಿದ್ದರು. ಹೌದು, ರಕ್ತವೇ. ಬಿಸಿಗೆ ಅದು ಹೆಪ್ಪುಗಟ್ಟಿ ಕೊಳೆಯನ್ನೆಲ್ಲ ಹಿಡಿದು ಮೇಲಕ್ಕೆ ತರುತ್ತಿತ್ತು. ಆ ಕೊಳೆ ತೆಗೆದು, ಸೋಸಿ, ಪಾಕ ಹದಕ್ಕೆ ಬಂದ ಮೇಲೆ ಮಣ್ಣಿನ ಶಂಕುವಿನಾಕಾರದ ಅಚ್ಚುಗಳಿಗೆ ಹುಯ್ಯುತ್ತಿದ್ದರು. ಚೂಪು ತುದಿ ಕೆಳಕ್ಕೆ. ಮೇಲೆ ಒದ್ದೆ ಬಿಳಿ ಜೇಡಿಮಣ್ಣು ಮೆತ್ತಿದರೆ ಅದರ ನೀರು ನಿಧಾನಕ್ಕೆ ಇಳಿದು, ಉಳಿದ ಕಾಕಂಬಿಯನ್ನು ತುದಿಯ ತೂತಿನಿಂದ ಹೊರಗೆ ತೊಳೆಯುತ್ತಿತ್ತು. ಕೊನೆಗೆ ಬಿಳಿ ಗಟ್ಟಿಗಳನ್ನು ಬಿಸಿ ಕೋಣೆಯಲ್ಲಿ ಒಣಗಿಸಿ ನೀಲಿ ಕಾಗದದಲ್ಲಿ ಸುತ್ತುತ್ತಿದ್ದರು. ‘ಬೇಕ್’ ಎನ್ನುವುದಕ್ಕೆ ಸ್ವಲ್ಪವಾದರೂ ಹತ್ತಿರದ್ದು ಆ ಒಣಗಿಸುವ ಕೋಣೆ ಮಾತ್ರ.

ಈ ಕೆಲಸ ನಡೆಯುತ್ತಿದ್ದ ‘ಶುಗರ್ ಹೌಸ್’ ಆರೇಳು ಮಹಡಿಯ, ತಗ್ಗು ಚಾವಣಿಯ ಕಟ್ಟಡ. ಒಳಗೆ ತಡೆಯಲಾರದ ಸೆಕೆ. ಆಳುಗಳು ಅರೆಬೆತ್ತಲಾಗಿ ದುಡಿಯುತ್ತಿದ್ದರು, ಬಾಯಾರಿಕೆಗೆ ಮಾಲೀಕನೇ ಬಿಯರ್ ಕೊಡುತ್ತಿದ್ದ. ಕುದಿಯುವ ಪಾಕ ಮೈಮೇಲೆ ಬಿದ್ದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬೇಗ ತಣಿಯುವುದಿಲ್ಲ. ಇನ್ನು ಬೆಂಕಿ! ವಿಮೆಯ ದರ ಎಷ್ಟು ಏರಿತ್ತೆಂದರೆ 1782ರಲ್ಲಿ ಲಂಡನ್ನಿನ ಸಕ್ಕರೆ ಮಾಲೀಕರು ತಾವೇ ಸೇರಿ ‘ಫೀನಿಕ್ಸ್’ ವಿಮಾ ಕಂಪನಿ ಕಟ್ಟಿದರು. 1819ರಲ್ಲಿ ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನ ಸೆವರ್ನ್ ಅಂಡ್ ಕಿಂಗ್ ಅವರ ಕಾರ್ಖಾನೆ ಸುಟ್ಟುಹೋಯಿತು. ಅಲ್ಲಿ ಕಾದ ಎಣ್ಣೆಯಿಂದ ಪಾಕ ಬಿಸಿ ಮಾಡುವ ಹೊಸ ವಿಧಾನ ತಂದಿದ್ದರು. ವಿಮಾ ಕಂಪನಿಗಳು ಹಣ ಕೊಡಲ್ಲ ಅಂದವು. ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದವರಲ್ಲಿ ವಿಜ್ಞಾನಿ ಮೈಕೇಲ್ ಫ್ಯಾರಡೆಯೂ ಒಬ್ಬರು. ಮಿಠಾಯಿ ಅಂಗಡಿಗೆ ಇಷ್ಟೆಲ್ಲ ಆಗುತ್ತದಾ?

ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. ಕಾರ್ಖಾನೆಯ ಒಡೆಯನನ್ನೂ ಶುಗರ್ ಬೇಕರ್ ಅಂತಲೇ ಬರೆಯುತ್ತಿದ್ದರು, ಒಲೆ ಮುಂದೆ ಬೆಂದವನನ್ನೂ ಹಾಗೇ ಬರೆಯುತ್ತಿದ್ದರು. ವ್ಯಾಪಾರಿಗಳ ಡೈರೆಕ್ಟರಿಯಲ್ಲಿ, ವಿಮಾ ದಾಖಲೆಯಲ್ಲಿ ಹೆಸರಿದ್ದರೆ ಹೆಚ್ಚಾಗಿ ಒಡೆಯ. ಜನಗಣತಿಯಲ್ಲಿ ಒಂದೇ ವಿಳಾಸದಲ್ಲಿ ಮದುವೆಯಾಗದ ಹತ್ತಾರು ಗಂಡಸರ ನಡುವೆ ಸಿಕ್ಕರೆ ಆಳು. ‘ಶುಗರ್ ಬಾಯ್ಲರ್’ ಇನ್ನೂ ತಲೆನೋವು: ಹಳೇ ದಾಖಲೆಯಲ್ಲಿ ಪಾಕದ ಹದ ನೋಡುವ ನುರಿತ ಕೆಲಸಗಾರ, ಆಮೇಲಿನದರಲ್ಲಿ ನಿಜಕ್ಕೂ ಮಿಠಾಯಿ ಮಾಡುವವನು ಇರಬಹುದು. ಇಸವಿ ನೋಡದೆ ಅರ್ಥ ಮಾಡಬೇಡಿ.

ಈ ಆಳುಗಳಲ್ಲಿ ಬಹಳಷ್ಟು ಮಂದಿ ಉತ್ತರ ಜರ್ಮನಿಯವರು, ಅದರಲ್ಲೂ ಹ್ಯಾನೋವರ್ ಕಡೆಯವರು. 1714ರಿಂದ 1837ರವರೆಗೆ ಹ್ಯಾನೋವರಿಗೂ ಬ್ರಿಟನ್ನಿಗೂ ಒಬ್ಬನೇ ರಾಜ. ಹಾಗಾಗಿ ಮನೆತನದಲ್ಲಿ ಶುಗರ್ ಬೇಕರ್ ಕಂಡರೆ, ಜರ್ಮನ್ ಹೆಸರು ಇಂಗ್ಲಿಷಿಗೆ ತಿರುಗಿರಬಹುದು ಎಂದುಕೊಂಡು ‘ಸ್ಮಿತ್’ ಹಿಂದೆ ‘ಶ್ಮಿಟ್’ ಇದ್ದಾನಾ, ‘ಹೆನ್ರಿ’ ಹಿಂದೆ ‘ಹೈನ್ರಿಶ್’ ಇದ್ದಾನಾ ನೋಡಬೇಕು. 1841ರ ಜನಗಣತಿಯಲ್ಲಿ ಹುಟ್ಟಿದ ಊರಿನ ಹೆಸರು ಸಿಗುವುದಿಲ್ಲ, ಹೊರದೇಶದವನು ಎಂಬ ಗುರುತಷ್ಟೇ. 1851ರದರಲ್ಲೂ ಸಾಮಾನ್ಯವಾಗಿ ದೇಶದ ಹೆಸರಿಗೇ ಮುಗಿಯುತ್ತದೆ.

ಊರಿನ ಸುಳಿವಿಗೆ ಚರ್ಚಿನ ಪುಸ್ತಕಗಳೇ ಗತಿ. ವೈಟ್‌ಚಾಪೆಲ್‌ನ ಆಲೀ ಸ್ಟ್ರೀಟಿನಲ್ಲಿ ಸೇಂಟ್ ಜಾರ್ಜ್ಸ್ ಜರ್ಮನ್ ಲೂಥರನ್ ಚರ್ಚ್ ಇದೆ. 1762ರಲ್ಲಿ ಅದನ್ನು ಕಟ್ಟಿಸಲು ಮುಂದೆ ನಿಂತ ಡೀಡೆರಿಷ್ ಬೆಕ್ಮನ್ ಕೂಡ ಸಕ್ಕರೆ ಕಾರ್ಖಾನೆಯ ಧಣಿಯೇ. ಮಕ್ಕಳ ದೀಕ್ಷಾಸ್ನಾನ ಅಲ್ಲಿ ಸಿಕ್ಕಿ ಮದುವೆ ಸಿಗದಿದ್ದರೆ ಗಾಬರಿ ಬೇಡ. 1754ರಿಂದ 1837ರವರೆಗಿನ ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ಕ್ವೇಕರರು (ಒಂದು ಕ್ರೈಸ್ತ ಪಂಥದವರು), ಯಹೂದಿಗಳನ್ನು ಬಿಟ್ಟು ಎಲ್ಲರ ಮದುವೆಯೂ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನಲ್ಲೇ ಆಗಬೇಕಿತ್ತು. ಆ ಕಾಲದ ಜರ್ಮನ್ ಜೋಡಿಯನ್ನು ಸೇಂಟ್ ಮೇರಿ ವೈಟ್‌ಚಾಪೆಲ್ ಅಥವಾ ಸೇಂಟ್ ಜಾರ್ಜ್ ಇನ್ ದಿ ಈಸ್ಟ್ ಚರ್ಚಿನ ಪುಸ್ತಕದಲ್ಲಿ ಹುಡುಕಿ. ಹೆಸರನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಜೋರಾಗಿ ಓದಿ ನೋಡಿ.