ಬಿಸಿಲು ಕೊಟ್ಟ ಸುಕ್ಕಿಗೆ ಬೆಳಕಿನ ಮದ್ದು

ಪಾವಗಡದಲ್ಲಿ ಮಳೆಗೆ ಬರ, ಬಿಸಿಲಿಗಿಲ್ಲ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿಕೊಂಡಿದೆ. ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಅದೇ ಬಿಸಿಲಲ್ಲಿ ಕಡಲೆಕಾಯಿ ಹೊಲದಲ್ಲಿ ಬಗ್ಗಿ ದುಡಿದವರ ಮುಖ 40ಕ್ಕೇ 55 ಆದಂತೆ ಕಾಣುತ್ತದೆ. ಈಗ ಅವರ ಮಕ್ಕಳು ತುಮಕೂರಿನ ಸ್ಕಿನ್ ಕ್ಲಿನಿಕ್ಕುಗಳಲ್ಲಿ ‘ಫೋಟೋ ಫೇಶಿಯಲ್‌ಗೆ ಎಷ್ಟಾಗುತ್ತೆ?’ ಅಂತ, ಅಂದರೆ ಮುಖಕ್ಕೆ ಬೆಳಕು ಮಿಂಚಿಸುವ ಚಿಕಿತ್ಸೆಯ ಬಗ್ಗೆ, ವಿಚಾರಿಸುತ್ತಾರೆ. ಬೆಳಕು ಕೆಡಿಸಿದ್ದನ್ನು ಬೆಳಕೇ ಸರಿಮಾಡುವುದು ವಿಚಿತ್ರ, ಅಲ್ವಾ?

ಸುಕ್ಕೆಲ್ಲ ವಯಸ್ಸಿನದ್ದೇ ಅಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವುಗಳಲ್ಲಿ ಯುವಿಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ. ಯುವಿಎ ಒಳಪದರದವರೆಗೂ ಇಳಿಯುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ನಾರನ್ನು ಕತ್ತರಿಸುವ ಕಿಣ್ವಗಳು ಅದರಿಂದ ಜಾಸ್ತಿಯಾಗುತ್ತವೆ. ಯುವಿಎ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಒಬ್ಬರ ಫೋಟೋ 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಕಿಟಕಿ ಕಡೆಯ ಎಡಗೆನ್ನೆ ದಪ್ಪವಾಗಿ ಮಡಿಕೆ ಮಡಿಕೆಯಾಗಿದೆ. ಬಲಗೆನ್ನೆ ಎಷ್ಟೋ ವರ್ಷ ಚಿಕ್ಕವರದ್ದು ಅನ್ನಿಸುತ್ತದೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿದೆ. ತುಮಕೂರು–ಬೆಂಗಳೂರು ಮಧ್ಯೆ ದಿನಾ ಗಾಡಿ ಓಡಿಸುವವರು ಒಮ್ಮೆ ಕನ್ನಡಿಯಲ್ಲಿ ಬಲಗೆನ್ನೆ ನೋಡಿಕೊಳ್ಳಲಿ.

ಫೋಟೋ ಫೇಶಿಯಲ್ ಅನ್ನುವುದಕ್ಕೆ ಸಾಮಾನ್ಯವಾಗಿ ಬಳಸುವುದು ಐಪಿಎಲ್ ಯಂತ್ರ, ಅಂದರೆ ಇಂಟೆನ್ಸ್ ಪಲ್ಸ್ಡ್ ಲೈಟ್. ಒಳಗಿರುವುದು ಕ್ಸೆನಾನ್ ದೀಪ. ಸುಮಾರು 500ರಿಂದ 1,200 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಅದು ಚಕ್ ಚಕ್ ಅಂತ ಮಿಂಚಿಸುತ್ತದೆ. ನೇರಳಾತೀತ ಭಾಗವನ್ನು ಫಿಲ್ಟರ್ ತಡೆಯುತ್ತದೆ. ಲೇಸರ್ ಆದರೆ ಹೀಗೆ ಹಲವು ಅಲೆಯುದ್ದದ ಬೆರಕೆಯಲ್ಲ, ಒಂದೇ ಅಲೆಯುದ್ದದ ಬೆಳಕು.

ಆದರೆ ಈ ಬೆಳಕು ಬೇಡದ ಕಲೆಯನ್ನಷ್ಟೇ ಸುಟ್ಟು ಪಕ್ಕದ ಚರ್ಮವನ್ನು ಹೇಗೆ ಬಿಡುತ್ತದೆ? 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಇದಕ್ಕೆ ಲೆಕ್ಕ ಕೊಟ್ಟರು. ಮೊದಲನೆಯದು ಬಣ್ಣ. ಕಲೆಗೆ ಕಪ್ಪು ಬಣ್ಣ ಕೊಡುವ ಮೆಲನಿನ್, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್, ಒಂದೊಂದೂ ತನಗೆ ಹಿಡಿಸಿದ ಅಲೆಯುದ್ದವನ್ನು ಹೆಚ್ಚು ಹೀರುತ್ತದೆ. ಎರಡನೆಯದು ಸಮಯ. ನನಗೆ ಇದೇ ಜಾಣತನದ ಭಾಗ ಅನ್ನಿಸುತ್ತದೆ. ಒಗ್ಗರಣೆಯ ಸಾಸಿವೆ ಕಾಳು ಕ್ಷಣದಲ್ಲಿ ಆರುತ್ತದೆ, ರಾಗಿ ಮುದ್ದೆ ಎಷ್ಟೊತ್ತಾದರೂ ಒಳಗೆ ಬಿಸಿ. ಚರ್ಮದೊಳಗೂ ಹಾಗೇ, ಸಣ್ಣದ್ದು ಬೇಗ ಆರುತ್ತದೆ. ಆದ್ದರಿಂದ ಅದು ಆರುವುದಕ್ಕಿಂತ ಕಡಿಮೆ ಸಮಯದಲ್ಲಿ ಬೆಳಕು ಕೊಟ್ಟು ನಿಲ್ಲಿಸಬೇಕು. ಆಗ ಶಾಖ ಪಕ್ಕಕ್ಕೆ ಹರಿಯುವ ಮೊದಲೇ ಕೆಲಸ ಮುಗಿದಿರುತ್ತದೆ. ಸಣ್ಣ ರಕ್ತನಾಳಕ್ಕೆ ಕೆಲವು ಮಿಲಿಸೆಕೆಂಡ್ ಸಾಕು. ಮೆಲನಿನ್ ಕಣಕ್ಕಾದರೆ ಒಂದು ಮೈಕ್ರೋಸೆಕೆಂಡ್ ಕೂಡ ಜಾಸ್ತಿ.

ನಮ್ಮಂಥವರಿಗೆ ತೊಡಕು ಇರುವುದು ಬಣ್ಣದ ಲೆಕ್ಕದಲ್ಲೇ. ಬಿಳಿ ಚರ್ಮದ ಮೇಲೆ ಕಪ್ಪು ಕಲೆ ಎದ್ದು ಕಾಣುತ್ತದೆ, ಬೆಳಕೂ ಅದನ್ನೇ ಹುಡುಕಿ ಹೀರಿಸಿಕೊಳ್ಳುತ್ತದೆ. ನಮ್ಮ ಚರ್ಮದಲ್ಲಿ ಮೆಲನಿನ್ ಎಲ್ಲೆಡೆಯೂ ಧಾರಾಳ. ಕಲೆಗೆ ಹೋಗಬೇಕಾದ ಶಾಖ ಮೇಲ್ಪದರಕ್ಕೇ ಬಡಿಯುತ್ತದೆ. ಸುಟ್ಟರೆ ಬೊಬ್ಬೆ, ವಾಸಿಯಾದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಮಚ್ಚೆ. ಅದಕ್ಕೇ ಕಂದು, ಕಪ್ಪು ಚರ್ಮಕ್ಕೆ 1,064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ ಅನ್ನುತ್ತಾರೆ. ಮೆಲನಿನ್ ಆ ಬೆಳಕನ್ನು ಕಡಿಮೆ ಹೀರುತ್ತದೆ, ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ. ಐಪಿಎಲ್ ಮಾಡಿಸಲೇಬಾರದು ಅಂತಲ್ಲ. ಆದರೆ ಫಿಲ್ಟರ್ ಯಾವುದು, ಶಕ್ತಿ ಎಷ್ಟು ಅಂತ ಗೊತ್ತಿರುವ ಚರ್ಮರೋಗ ತಜ್ಞರೇ ಮಾಡಬೇಕು. ಮೊದಲು ಕಿವಿಯ ಹತ್ತಿರ ಸ್ವಲ್ಪ ಜಾಗದಲ್ಲಿ ಪರೀಕ್ಷಿಸಿ, ಕೆಲವು ದಿನ ಕಾಯಬೇಕು. ಬಿಸಿಲಲ್ಲಿ ತಿರುಗಿ ಮುಖ ಕಪ್ಪಾಗಿರುವಾಗಂತೂ ಬೇಡ. ‘ಆಫರ್ ಇವತ್ತೇ ಮುಗಿಯುತ್ತೆ’ ಅನ್ನುವ ಪಾರ್ಲರಿಗೆ ಇಷ್ಟೆಲ್ಲ ತಾಳ್ಮೆ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಬೇಡದ ಕೂದಲು ತೆಗೆಯಲು ಬಳಸುವುದೂ ಇದೇ ಬೆಳಕು. ಗಡ್ಡ ಇರುವ ಗಂಡಸರು ಕೆನ್ನೆಗೆ ಫೋಟೋ ಫೇಶಿಯಲ್ ಮಾಡಿಸಿದರೆ ಗಡ್ಡ ಅಲ್ಲಲ್ಲಿ ಬೋಳಾಗಬಹುದು!

ಫಲ ಎಷ್ಟು? ಬಿಸಿಲಿನ ಕಲೆ, ಕೆಂಪಗೆ ಕಾಣುವ ಸಣ್ಣ ನಾಳಗಳು, ಇವಕ್ಕೆ ಐಪಿಎಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಲೆ ಮೊದಲು ಇನ್ನಷ್ಟು ಕಪ್ಪಾಗಿ, ಆಮೇಲೆ ಉದುರುತ್ತದೆ. ಸುಕ್ಕಿನ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ಒಳಪದರ ಬಿಸಿಯಾಗಿ ಹೊಸ ಕೊಲಾಜನ್ ಸ್ವಲ್ಪ ಹುಟ್ಟುತ್ತದೆ, ಅಷ್ಟೇ. ಆಳವಾದ ಸುಕ್ಕಿಗೆ ಫ್ರಾಕ್ಷನಲ್ ಲೇಸರ್ ಇದೆ. ಅದರ ಗುರಿ ಬಣ್ಣವಲ್ಲ, ಚರ್ಮದಲ್ಲಿರುವ ನೀರು. ಕೂದಲೆಳೆಯಷ್ಟು ಸಣ್ಣ ಗಾಯಗಳನ್ನು ಮಾಡಿ, ನಡುವೆ ಒಳ್ಳೆಯ ಚರ್ಮ ಬಿಡುವುದರಿಂದ ಬೇಗ ವಾಸಿಯಾಗುತ್ತದೆ. ಅಲ್ಲೂ ಕಪ್ಪು ಕಲೆಯ ಭಯ ಪೂರ್ತಿ ಹೋಗುವುದಿಲ್ಲ.

ಹೆಂಗಸರಲ್ಲಿ ಹೆಚ್ಚು ಕಾಣುವ ಬಂಗು ಬೇರೆಯೇ ಕಥೆ. ಅದು ಶಾಖಕ್ಕೂ ಕೆರಳುತ್ತದೆ. ಬೆಳಕಿನ ಚಿಕಿತ್ಸೆಯಲ್ಲಿ ತಿಳಿಯಾದರೂ ಎಷ್ಟೋ ಸಲ ಮರಳಿ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ಗಾಢವಾಗಿ. ಕಣ್ಣಿಗೆ ಕಾಣುವ ಬೆಳಕೂ ನಮ್ಮ ಚರ್ಮವನ್ನು ಕಪ್ಪು ಮಾಡುತ್ತದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಬಂಗು ಇರುವವರು ಮೆಡಿಕಲ್ ಸ್ಟೋರಿನಲ್ಲಿ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನನ್ನೇ ಕೇಳಿ ತೆಗೆದುಕೊಳ್ಳಬೇಕು. ಹೊಲಕ್ಕೆ ಹೋಗುವಾಗ ಅದರ ಮೇಲೆ ತಲೆಗೆ ಟವೆಲ್ಲೂ ಇರಲಿ.