ಮಾಂಟ್ಗೊಮರಿಯ ಬಸ್ ಮೊಕದ್ದಮೆ ಗೆದ್ದವರು ಯಾರು?

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಎಂದೊಡನೆ ನೆನಪಾಗುವವರು ರೋಸಾ ಪಾರ್ಕ್ಸ್. 1955ರ ಡಿಸೆಂಬರ್ 1ರಂದು ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಅವರು ಬಂಧನಕ್ಕೊಳಗಾದರು. ಊರಿನ ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ. ಕೊನೆಗೆ ಬಸ್ಸುಗಳಲ್ಲಿನ ವರ್ಣಭೇದ ಅಳಿಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಕಾನೂನನ್ನು ಉರುಳಿಸಿದ ಮೊಕದ್ದಮೆಯ ಅರ್ಜಿದಾರರಲ್ಲಿ ಪಾರ್ಕ್ಸ್ ಇರಲೇ ಇಲ್ಲ.

ಪಾರ್ಕ್ಸ್ ಬಂಧನಕ್ಕೆ ಒಂಬತ್ತು ತಿಂಗಳ ಹಿಂದೆ, ಮಾರ್ಚ್ 2ರಂದು, ಹದಿನೈದು ವರ್ಷದ ಕ್ಲಾಡೆಟ್ ಕೋಲ್ವಿನ್ ಶಾಲೆ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೊರಟಿದ್ದಳು. ಮುಂದಿನ ಸೀಟುಗಳು ಬಿಳಿಯರಿಗೆ ಮೀಸಲು; ಅವು ತುಂಬಿದರೆ ಹಿಂದಿನವರನ್ನು ಎಬ್ಬಿಸುವ ಅಧಿಕಾರ ಚಾಲಕನದು. ಬಿಳಿಯರು ಕೂತ ಸಾಲಿನಲ್ಲಿ ಕಪ್ಪು ಜನ ಕೂರುವಂತಿರಲಿಲ್ಲವಾದ್ದರಿಂದ ಒಬ್ಬ ಬಿಳಿ ಮಹಿಳೆಗಾಗಿ ಇಡೀ ಸಾಲೇ ಖಾಲಿಯಾಗಬೇಕು. ಮೂವರು ಎದ್ದರು, ಕ್ಲಾಡೆಟ್ ಏಳಲಿಲ್ಲ. ಟಿಕೆಟಿಗೆ ಹಣ ಕೊಟ್ಟಿದ್ದೇನೆ, ಕೂರುವುದು ನನ್ನ ಸಾಂವಿಧಾನಿಕ ಹಕ್ಕು ಎಂದಳು. ಪೊಲೀಸರು ಅವಳನ್ನು ಹೊರಗೆಳೆದು, ಕೋಳ ತೊಡಿಸಿ, ದೊಡ್ಡವರ ಜೈಲಿಗೆ ಹಾಕಿದರು.

ಹೋರಾಟ ಆಗಲೇ ಏಕೆ ಶುರುವಾಗಲಿಲ್ಲ? ಒಂದು ಕಾರಣ ಕಾನೂನಿನದು. ಮೇಲ್ಮನವಿಯ ಹಂತದಲ್ಲಿ ವರ್ಣಭೇದ ಕಾಯ್ದೆ ಉಲ್ಲಂಘನೆಯ ಆರೋಪ ಬಿದ್ದುಹೋಗಿ, ಪೊಲೀಸರ ಮೇಲಿನ ಹಲ್ಲೆಯ ಆರೋಪ ಮಾತ್ರ ಉಳಿಯಿತು. ಹೀಗಾದ ಮೇಲೆ ಕಾಯ್ದೆಯನ್ನು ಪ್ರಶ್ನಿಸುವ ದಾರಿಯೇ ಮುಚ್ಚಿತು. ಇನ್ನೊಂದು ಕಾರಣ ಅಷ್ಟು ಗೌರವದ್ದಲ್ಲ. ಬಡವರ ಬಡಾವಣೆಯ ಹುಡುಗಿ, ಬಾಯಿ ಜೋರು, ಮುಂದೆ ಮದುವೆಯಿಲ್ಲದೆ ಗರ್ಭಿಣಿ. ಕಪ್ಪು ಜನರ ನಾಯಕರಿಗೆ ಬೇಕಿದ್ದದ್ದು ಯಾರೂ ಬೆರಳು ತೋರದ ಮುಖ. ಹೀಗೆಯೇ ಸೀಟು ಬಿಡದೆ ಅಕ್ಟೋಬರ್‌ನಲ್ಲಿ ಬಂಧನವಾದ ಮೇರಿ ಲೂಯಿಸ್ ಸ್ಮಿತ್‌ಳನ್ನೂ ಅವರು ಬದಿಗಿಟ್ಟರು. ತಂತ್ರವಾಗಿ ಇದು ಸರಿಯಿರಬಹುದು, ನ್ಯಾಯವೆನ್ನಲು ಮನಸ್ಸು ಬರುವುದಿಲ್ಲ.

ಪಾರ್ಕ್ಸ್ ಬಂಧನದ ರಾತ್ರಿ ಕಾಲೇಜಿನ ಯಂತ್ರದಲ್ಲಿ ಸಾವಿರಾರು ಕರಪತ್ರಗಳನ್ನು ಅಚ್ಚು ಮಾಡಿ ಬಹಿಷ್ಕಾರದ ಕರೆ ಹಂಚಿದವರು ಜೋ ಆನ್ ರಾಬಿನ್‌ಸನ್, ಇಂಗ್ಲಿಷ್ ಅಧ್ಯಾಪಕಿ. ಬಹಿಷ್ಕಾರ ನಡೆದೀತು ಎಂದು 1954ರಲ್ಲೇ ಅವರು ಮೇಯರ್‌ಗೆ ಪತ್ರ ಬರೆದು ಎಚ್ಚರಿಸಿದ್ದರು. ಇಪ್ಪತ್ತಾರರ ಮಾರ್ಟಿನ್ ಲೂಥರ್ ಕಿಂಗ್ ವೇದಿಕೆಗೆ ಬಂದದ್ದು ಆಮೇಲೆ.

ಪಾರ್ಕ್ಸ್ ಅವರ ಪ್ರಕರಣ ರಾಜ್ಯದ ನ್ಯಾಯಾಲಯಗಳಲ್ಲೇ ಕೊಳೆಯಬಹುದೆಂದು ವಕೀಲ ಫ್ರೆಡ್ ಗ್ರೇ 1956ರ ಫೆಬ್ರುವರಿಯಲ್ಲಿ ನೇರವಾಗಿ ಫೆಡರಲ್ (ಕೇಂದ್ರದ) ನ್ಯಾಯಾಲಯಕ್ಕೆ ಹೋದರು. ಅರ್ಜಿದಾರರು ಐವರು ಮಹಿಳೆಯರು. ಒಬ್ಬರು ಬೆದರಿಕೆಗೆ ಹಿಂದೆ ಸರಿದರು. ಉಳಿದವರು ಔರೇಲಿಯಾ ಬ್ರೌಡರ್, ವೃದ್ಧೆ ಸೂಸಿ ಮೆಕ್‌ಡೊನಾಲ್ಡ್, ಸ್ಮಿತ್ ಮತ್ತು ಕೋಲ್ವಿನ್. ಮುಖವಾಗಲು ಬೇಡವಾಗಿದ್ದ ಹುಡುಗಿಯರಿಬ್ಬರೂ ಸಾಕ್ಷಿಗೆ ಬೇಕಾದರು! ಹಸುಗೂಸಿನ ತಾಯಿಯಾಗಿದ್ದ ಕೋಲ್ವಿನ್ ಮೇ ತಿಂಗಳಲ್ಲಿ ಕಟಕಟೆ ಹತ್ತಿದರು. ನಿಮ್ಮ ನಾಯಕ ಯಾರೆಂದು ನಗರದ ವಕೀಲರು ಕೆದಕಿದಾಗ, ನಮಗೆ ನಾವೇ ನಾಯಕರು ಎಂದರು.

ಜೂನ್‌ನಲ್ಲಿ ಮೂವರು ನ್ಯಾಯಾಧೀಶರ ಪೈಕಿ ಇಬ್ಬರು ಅವರ ಪರ ತೀರ್ಪಿತ್ತರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬಹಿಷ್ಕಾರ ಮುಗಿದದ್ದು ಈ ಆದೇಶ ಡಿಸೆಂಬರ್‌ನಲ್ಲಿ ಊರು ತಲುಪಿದ ಮೇಲೆ.

ಕೋಲ್ವಿನ್ 1958ರಲ್ಲಿ ನ್ಯೂಯಾರ್ಕಿಗೆ ಹೋಗಿ, ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ದಶಕಗಳ ಕಾಲ ದುಡಿದರು. ಬಾಲನ್ಯಾಯಾಲಯದ ದಾಖಲೆಯಲ್ಲಿ ಅವರ ಹೆಸರಿನೆದುರು ಹಲ್ಲೆಯ ಕಳಂಕ ಹಾಗೆಯೇ ಉಳಿದಿತ್ತು. ಅವರೇ ಅರ್ಜಿ ಹಾಕಿದ ಮೇಲೆ ಅದನ್ನು ಅಳಿಸಿದ್ದು 2021ರಲ್ಲಿ, ಅವರಿಗೆ 82 ತುಂಬಿದಾಗ.