ಕಿಕ್ಕರ್ ಶಾಫ್ಟ್ ಉದ್ದ ಮಾಡುವ ಮೊದಲು

ತೋಟದ ಗಾಡಿಗೋ ಕಾಡುದಾರಿಯ ಬಗ್ಗಿಗೋ ಹಳೆಯ ಬೈಕಿನ ಇಂಜಿನ್ ಕೂರಿಸಿದರೆ ಫ್ರೇಮಿನ ಪೈಪು ಕಿಕ್ಕರಿಗೆ ಅಡ್ಡ ಬರುತ್ತದೆ. ಶಿರಸಿ, ಯಲ್ಲಾಪುರದ ಕಡೆ ಅಡಿಕೆ ಹೊರುವ ಗಾಡಿಗಳಿಗೆ ಆಗ ಮಾಡುವ ಸುಲಭದ ಉಪಾಯವೆಂದರೆ ಕಿಕ್ ಶಾಫ್ಟನ್ನು (ಕಿಕ್ಕರ್ ಕೂರುವ ಸರಳನ್ನು) ಕತ್ತರಿಸಿ, ನಡುವೆ ತುಂಡು ಸೇರಿಸಿ ವೆಲ್ಡ್ ಹೊಡೆಯುವುದು. ಅದು ಮುರಿಯುವುದು ವೆಲ್ಡಿನಲ್ಲಲ್ಲ, ವೆಲ್ಡಿನ ಪಕ್ಕದಲ್ಲಿ. ಕಾದ ಉಕ್ಕು ಸುತ್ತಲಿನ ತಣ್ಣನೆಯ ಲೋಹದಿಂದಾಗಿ ಬೇಗ ಆರಿ, ಆ ಪಟ್ಟಿ ಗಾಜಿನ ಹಾಗೆ ಪೆಡಸಾಗಿರುತ್ತದೆ.

ಮುರಿದ ತುಂಡನ್ನು ಗುಜರಿಗೆ ಹಾಕುವ ಮುನ್ನ ಅದರ ಮುಖ ನೋಡಬೇಕು. ಅಡ್ಡಕ್ಕೆ ಚಪ್ಪಟೆಯಾಗಿ ತಿರುಚಿ ತುಂಡಾಗಿದ್ದರೆ ಉಕ್ಕು ಮೆದು, ಭಾರ ಹೆಚ್ಚಾಗಿದೆ. 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಸೀಳಿದ್ದರೆ ಹದ ತೀರಾ ಗಟ್ಟಿಯಾಗಿದೆ. ಇಳಿತದ ಹೊತ್ತು ಮರಳಿನಲ್ಲಿ ಉಳಿಯುವಂಥ ಗೆರೆಗಳು ಒಂದು ಅಂಚಿನಿಂದ ಹರಡಿದ್ದರೆ ಬಿರುಕು ಎಷ್ಟೋ ದಿನಗಳಿಂದ ಬೆಳೆಯುತ್ತಿತ್ತು. ಅದರ ಮೂಲ ಹೆಚ್ಚಾಗಿ ಸರ್ಕ್ಲಿಪ್ ಬಳೆ ಕೂರುವ ತೋಡೋ, ಟೂಲ್ ಬಿಟ್ಟ ಚೂಪು ಮೂಲೆಯೋ ಆಗಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 90 ಕೆ.ಜಿ.ಯ ಆಳು 180 ಮಿ.ಮೀ. ಕಿಕ್ಕರಿನ ಮೇಲೆ ನಿಂತರೆ ಶಾಫ್ಟಿಗೆ ಸುಮಾರು 162 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. ಪೆಡಲ್ ಇಂಜಿನ್ನಿನ ಬುಷ್‌ನಿಂದ (ಶಾಫ್ಟಿಗೆ ಆಧಾರವಾದ ಬಳೆಯಿಂದ) 40 ಮಿ.ಮೀ. ಹೊರಗಿದ್ದರೆ ಬಾಗಿಸುವ ಬಲ 36 ನ್ಯೂಟನ್ ಮೀಟರ್. ಶಾಫ್ಟನ್ನು 100 ಮಿ.ಮೀ. ಉದ್ದ ಮಾಡಿದರೆ ಅದೇ 126ಕ್ಕೆ ಏರುತ್ತದೆ, ಅಂದರೆ ಮೂರೂವರೆ ಪಟ್ಟು. 16 ಮಿ.ಮೀ. ಶಾಫ್ಟಿನಲ್ಲಿ ಎರಡೂ ಸೇರಿ ಒತ್ತಡ ಸುಮಾರು 360ರಿಂದ 470 ಮೆಗಾಪಾಸ್ಕಲ್‌ಗೆ ಹೋಗುತ್ತದೆ. ಹದ ಕೊಡದ ಇಎನ್ 8 (ಮಧ್ಯಮ ಇಂಗಾಲದ ಸಾಮಾನ್ಯ ಉಕ್ಕು) ಸರಳು 280ರ ಆಸುಪಾಸಿನಲ್ಲೇ ತಿರುಚಿಕೊಂಡು ಮರಳಿ ಬಾರದ ಹಂತ ಮುಟ್ಟುತ್ತದೆ. ಇಎನ್ 24 ಟಿ (ನಿಕಲ್, ಕ್ರೋಮಿಯಂ ಬೆರೆತ ಉಕ್ಕು; ಟಿ ಎಂದರೆ ಹದ ಕೊಟ್ಟೇ ಬಂದದ್ದು) ಸುಮಾರು 650ರ ತನಕ ತಾಳುತ್ತದೆ. ಆದರೆ ಇದು ನಿಂತ ಭಾರದ ಲೆಕ್ಕ. ಹಾರಿ ತುಳಿದರೆ, ಇಂಜಿನ್ ತಿರುಗಿ ಒದ್ದರೆ, ದುಪ್ಪಟ್ಟಾಗಲು ಹೊತ್ತು ಬೇಡ.

ಶಾಫ್ಟ್ ದಪ್ಪ ಮಾಡಿದರಾಯಿತಲ್ಲ ಅನ್ನಬಹುದು. 16ರಿಂದ 18ಕ್ಕೆ ಹೋದರೆ ಬಲ 42 ಶೇಕಡಾ ಹೆಚ್ಚುವುದು ನಿಜ. ಆದರೆ ಬಹುತೇಕ ಇಂಜಿನ್‌ಗಳಲ್ಲಿ ಶಾಫ್ಟ್ ಕೇಸಿನ ಒಳಗಿನಿಂದ ಹೊರಕ್ಕೆ ಬರುವುದು; ಹೊರಗಿನ ಭಾಗ ಬುಷ್‌ಗಿಂತ ದಪ್ಪವಾದರೆ ತೂರುವುದೇ ಇಲ್ಲ. ಕೇಸನ್ನು ಕೊರೆದು ದೊಡ್ಡದು ಮಾಡಿದರೆ ಅಲ್ಯೂಮಿನಿಯಂ ಗೋಡೆ ತೆಳ್ಳಗಾಗುತ್ತದೆ. ಶಾಫ್ಟ್ ಮುರಿದರೆ ಇನ್ನೊಂದು ತಿರುಗಿಸಬಹುದು, ಕೇಸು ಒಡೆದರೆ ಇಂಜಿನ್ನೇ ಬಿಚ್ಚಬೇಕು.

ಹಾಗಾಗಿ ಮೂಲ ಶಾಫ್ಟ್ ಮುಟ್ಟದೆ ಅದರ ತುದಿಯ ಹಲ್ಲಿನ (ಸ್ಪ್ಲೈನ್) ಮೇಲೆ ಕೂರುವ ಬೇರೆ ಎಕ್ಸ್‌ಟೆನ್ಶನ್ ಮಾಡಿ, ಅದಕ್ಕೆ ಅದರದೇ ಬುಷ್ ಆಧಾರ ಕೊಡುವುದು ಲೇಸು. ಆಗ ತಿರುಚು ಮಾತ್ರ ಇಂಜಿನ್ನಿಗೆ ಹೋಗುತ್ತದೆ, ಬಾಗಿಸುವ ಬಲವನ್ನು ಹೊರಗಿನ ಬುಷ್ ತಿನ್ನುತ್ತದೆ. (ಒಂದೇ ಲಿವರ್ ಕಿಕ್ಕರೂ ಗೇರೂ ಆಗಿರುವ ಹಳೆಯ ಯೆಜ್ಡಿ, ಜಾವಾಗಳಿಗೆ ಈ ಮಾತು ಅನ್ವಯಿಸದು.)

ಸರಳು 32 ಮಿ.ಮೀ. ಇಎನ್ 24, ಟಿ ಹದದಲ್ಲೇ ಕೊಳ್ಳಬೇಕು. ಆಮೇಲೆ ಹದದ ಗೊಡವೆ ಇರುವುದಿಲ್ಲ. ಕತ್ತಿಗೆ ಕೊಡುವ ಹಾಗೆ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಈ ಉಕ್ಕು ಸೀಳುತ್ತದೆ, ಇದು ಎಣ್ಣೆಯಲ್ಲಿ ಆರುವ ಜಾತಿ. ಒಂದು ತುದಿಯಲ್ಲಿ 30 ಮಿ.ಮೀ. ಉದ್ದದ ಗುಬ್ಬಿ (ಮೂಲ ಶಾಫ್ಟಿನ ಮೇಲೆ ಕೂರುವ ದಪ್ಪ ತಲೆ) ಬಿಟ್ಟು, ಉಳಿದುದನ್ನು ಲೇತಿನ ಎರಡು ಸೆಂಟರಿನ ನಡುವೆ 20ಕ್ಕೆ ತಿರುಗಿಸಿ. ದಪ್ಪ ಬದಲಾಗುವ ಪ್ರತಿ ಮೂಲೆಯಲ್ಲೂ 2 ಮಿ.ಮೀ. ತ್ರಿಜ್ಯದ ಉರುಟು ಇರಲೇಬೇಕು. ಲೇತಿನವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಚಿತ್ರ ಬರೆದು ಕೊಡಿ.

ಗುಬ್ಬಿಯ ಒಳಹಲ್ಲಿಗೆ ಮೊದಲು ನೆನಪಾಗುವುದು ವೈರ್‌ಕಟ್ (ವಿದ್ಯುತ್ ಹಾಯುವ ತಂತಿಯಿಂದ ಕತ್ತರಿಸುವುದು), ಆದರೆ ಇಲ್ಲಿ ಅದು ಒಗ್ಗದು. ವೈರ್ ಆಚೆ ತೂರಬೇಕಾದ್ದರಿಂದ ಗುಬ್ಬಿಯನ್ನು ಬೇರೆ ತುಂಡಾಗಿ ಮಾಡಿ ಶಾಫ್ಟಿಗೆ ಬಿಗಿಯಾಗಿ ಒತ್ತಿ, ಅಡ್ಡ 6 ಮಿ.ಮೀ. ಪಿನ್ ಹೊಡೆಯುವವರಿದ್ದಾರೆ. ಪಿನ್ನಿನ ತೂತೇ ಮುಂದೆ ಬಿರುಕಿನ ಬಾಯಿ. ಶಾಫ್ಟಿನ ನಡುವೆ ಉದ್ದಕ್ಕೆ 6 ಮಿ.ಮೀ. ತೂತು ಕೊರೆದರೆ ವೈರ್ ಅದರಲ್ಲೇ ಹಾದುಹೋಗುತ್ತದೆ, 20 ಮಿ.ಮೀ. ಶಾಫ್ಟಿಗೆ ಆ ತೂತಿನಿಂದ ಬಲ ಕಡಿಮೆಯಾಗುವುದು ಒಂದು ಶೇಕಡಾಕ್ಕೂ ಕಮ್ಮಿ. ಆದರೆ ವೈರ್ ಇಡೀ ಉದ್ದಕ್ಕೂ ಕತ್ತರಿಸುವುದರಿಂದ ಇದೂ ಆಗದು. ಒಳಹಲ್ಲನ್ನು ಸ್ಲಾಟಿಂಗ್ ಯಂತ್ರದಲ್ಲಿ (ಟೂಲ್ ಮೇಲೆ ಕೆಳಗೆ ಆಡಿ ಕೆತ್ತುವ ಯಂತ್ರ) ಹೊಡೆಸುವುದು, ತಳದಲ್ಲಿ ಟೂಲ್ ಬಿಡಲು 4 ಮಿ.ಮೀ. ತೋಡು ಇಡುವುದು, ಇದೇ ಸರಿಯಾದ ದಾರಿ. ಊರಲ್ಲಿ ಈ ಯಂತ್ರ ಸಿಗದಿದ್ದರೆ ಹುಬ್ಬಳ್ಳಿ ಅಥವಾ ಬೆಳಗಾವಿಗೆ ಕಳಿಸಬೇಕು. ಹಳೆಯ ಕಿಕ್ಕರನ್ನೂ ಜೊತೆಗೆ ಕೊಡಿ. ಹೊರತುದಿಯ ಹಲ್ಲಿಗೆ ಮಿಲ್ಲಿಂಗ್ ಸಾಕು: ಹಲ್ಲು 36 ಇದ್ದರೆ 40:1ರ ಡಿವೈಡಿಂಗ್ ಹೆಡ್ಡಿನಲ್ಲಿ (ಸುತ್ತನ್ನು ಸಮ ಭಾಗ ಮಾಡುವ ಸಾಧನ) ಪ್ರತಿ ಹಲ್ಲಿಗೆ ಹಿಡಿಕೆ ಒಂದು ಪೂರ್ತಿ ಸುತ್ತು, ಮೇಲೆ ಅದರ ತಟ್ಟೆಯ 18 ತೂತಿನ ಸಾಲಿನಲ್ಲಿ 2 ತೂತು.

ಗುಬ್ಬಿಗೆ 2 ಮಿ.ಮೀ. ಸೀಳು, ಸೀಳಿನ ಕೊನೆಗೆ 4 ಮಿ.ಮೀ. ತೂತು, ಬಿಗಿಯಲು 8.8 ದರ್ಜೆಯ ಎಂ8 ಬೋಲ್ಟ್, 25 ನ್ಯೂಟನ್ ಮೀಟರ್. ಬೋಲ್ಟ್ ಮೂಲ ಶಾಫ್ಟಿನ ತೋಡಿನಲ್ಲಿ ಹಾಯ್ದಿರಬೇಕು. ಇಪ್ಪತ್ತು ಕಿಕ್ ಆದ ಮೇಲೆ ಮತ್ತೆ ಬಿಗಿಯಿರಿ. ಸಡಿಲ ಬೋಲ್ಟೇ ಹಲ್ಲು ಸವೆಯಲು ಮೊದಲ ಕಾರಣ.

ಆಧಾರಕ್ಕೆ 8 ಮಿ.ಮೀ. ಪ್ಲೇಟು, 25 ಮಿ.ಮೀ. ಉದ್ದದ ಫಾಸ್ಫರ್ ಬ್ರಾಂಜ್ ಬುಷ್, 0.05 ಮಿ.ಮೀ. ಆಟ, ಒಂದು ಗ್ರೀಸ್ ನಿಪ್ಪಲ್. ಬುಷ್ ಆದಷ್ಟು ಪೆಡಲಿನ ಹತ್ತಿರ ಇರಲಿ. ಇಂಜಿನ್ ರಬ್ಬರಿನ ಮೇಲೆ ಕೂತಿದ್ದರೆ ಪ್ಲೇಟನ್ನು ಫ್ರೇಮಿಗೆ ಹಾಕದೆ ಇಂಜಿನ್ನಿಗೇ ಬೋಲ್ಟ್ ಮಾಡಬೇಕು. ಇಲ್ಲವಾದರೆ ಇಂಜಿನ್ ಅಲುಗಿದಾಗೆಲ್ಲ ಶಾಫ್ಟ್ ಹಿಡಿದುಕೊಂಡು ಕಿಕ್ಕರ್ ಮೇಲೆ ಬರುವುದಿಲ್ಲ. ಎಲ್ಲ ಜೋಡಿಸಿ, ಸಲೀಸಾಗಿ ಮರಳುವುದನ್ನು ನೋಡಿದ ಮೇಲಷ್ಟೇ ಪ್ಲೇಟು ಬಿಗಿ ಮಾಡಿ.

ಕಾರವಾರ, ಕುಮಟೆಯ ಉಪ್ಪುಗಾಳಿಯಲ್ಲಿ ಹಲ್ಲಿನ ಸಂದಿಗೆ ತುಕ್ಕು ಬೇಗ ಸೇರುತ್ತದೆ. ಜೋಡಿಸುವಾಗ ತೆಳ್ಳಗೆ ಗ್ರೀಸ್ ಸವರಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ಬಿಚ್ಚಿ ಒರೆಸಿ.

ಕೊನೆಗೆ ಶಾಫ್ಟಿನ ಉದ್ದಕ್ಕೂ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ತಿಂಗಳ ಮೇಲೆ ಆ ಗೆರೆ ಓರೆಯಾಗಿದ್ದರೆ ಶಾಫ್ಟ್ ತಿರುಚಿಕೊಂಡಿದೆ. ಹೊಸದು ಮಾಡಿಸುವ ಮೊದಲು ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿಸಿ; ಅದು ತಪ್ಪಿದ್ದರೆ ಇಂಜಿನ್ ತಿರುಗಿ ಒದೆಯುತ್ತದೆ.